ವಿಲಾಯತಿ ಹತ್ತಿ

ಹುಬ್ಬಳ್ಳಿಯ ದಕ್ಷಿಣಕ್ಕೆ, ಕಲಘಟಗಿ ತಾಲ್ಲೂಕಿನಲ್ಲಿರುವ ಮಿಶ್ರಿಕೋಟಿ ದೊಡ್ಡ ಪೇಟೆಯೇನೂ ಅಲ್ಲ. ಪೂರ್ವಕ್ಕೆ ನಡೆದರೆ ಎರೆಯ ಬಯಲು, ಪಶ್ಚಿಮಕ್ಕೆ ನಡೆದರೆ ಮಲೆನಾಡಿನ ಸೆರಗು. ಖಂಡಾಂತರ ವ್ಯಾಪಾರ, ವಿದೇಶೀ ಬಂಡವಾಳ ಎಂಬ ಮಾತುಗಳು ಮಹಾನಗರಗಳ ಮಹಡಿಗಳಲ್ಲಿ ನಿನ್ನೆ ಮೊನ್ನೆ ಹುಟ್ಟಿದವೆಂದು ಭಾವಿಸುವ ವಾಚಕರು ಈ ಸೀಮೆಯ ಹತ್ತಿಯ ಕಥೆಯನ್ನು ಕೇಳಬೇಕು.

1840ರ ದಶಕದಲ್ಲಿ ಕಂಪನಿ ಸರಕಾರವು ಅಮೆರಿಕದ ನ್ಯೂ ಆರ್ಲಿಯನ್ಸ್ ಬೀಜವನ್ನು ಧಾರವಾಡ ಜಿಲ್ಲೆಯಲ್ಲಿ ಬಿತ್ತಿಸಿತು. ದೇಶದ ಹಲವೆಡೆ ಸೋತ ಗಿಡ ಇಲ್ಲಿ ಬೇರೂರಿತು. ಜನರು ಅದನ್ನು ವಿಲಾಯತಿ ಹತ್ತಿಯೆಂದು ಕರೆದರು. ಮೊದಲಿನಿಂದ ಇದ್ದುದು ಜವಾರಿ ಹತ್ತಿ. ಆ ಜವಾರಿ ಹತ್ತಿಗೆ ಇಂಗ್ಲೆಂಡಿನ ವ್ಯಾಪಾರಿಗಳು ಇಟ್ಟ ಹೆಸರು ‘ಕುಮಟಾ’. ಕುಮಟೆಯಲ್ಲಿ ಅದನ್ನು ಬೆಳೆದವರಿಲ್ಲ. ಹೇರೆತ್ತುಗಳ ಮೇಲೆ ಘಟ್ಟವಿಳಿದು ದೋಣಿಯೇರಿದ್ದು ಆ ಬಂದರಿನಲ್ಲಿ, ಅಷ್ಟೇ. ಬೆಳೆದವನ ಊರು ಹೆಸರಿನಲ್ಲಿಯೂ ಉಳಿಯಲಿಲ್ಲ!

1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿತು. ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಬಿದ್ದು ಲ್ಯಾಂಕಾಶೈರಿನ ಗಿರಣಿಗಳು ಅರಳೆಯಿಲ್ಲದೆ ನಿಂತವು. ಇಂತಹ ಆಪತ್ತನ್ನು ಮುಂಗಂಡೇ ಮ್ಯಾಂಚೆಸ್ಟರಿನ ಧನಿಕರು 1860ರಲ್ಲಿ ‘ಮ್ಯಾಂಚೆಸ್ಟರ್ ಕಾಟನ್ ಕಂಪನಿ’ಯನ್ನು ಕಟ್ಟಿದ್ದರು. ಧಾರವಾಡದ ಅರಳೆಯನ್ನು ನೇರವಾಗಿ ಕೊಂಡು, ಕಾರವಾರದ ಬಂದರಿನ ಬಳಿ ಅಂಡಿಗೆ ಕಟ್ಟಿ, ಅಲ್ಲಿಂದಲೇ ಹಡಗೇರಿಸುವುದು ಅವರ ಹಂಚಿಕೆ. ಈ ಒತ್ತಾಯವೂ ಸೇರಿ, 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಲಾಯಿತು. ಅರಳೆಗಾಗಿ ಒಂದು ಜಿಲ್ಲೆಯೇ ಪ್ರಾಂತ ಬದಲಿಸಿತೆಂದರೆ ಆ ಹಣದ ಬಲವೆಷ್ಟೆಂಬುದನ್ನು ಊಹಿಸಬಹುದು.

ಆದರೆ ಕಂಪನಿಯ ಪ್ರತಿನಿಧಿಗಳು ಬಂದು ನೋಡಿದಾಗ ಘಟ್ಟದ ರಸ್ತೆ ಮುಗಿದಿರಲಿಲ್ಲ. ಬಂದರಿನಲ್ಲಿ ಸರಕು ಇಳಿಸಲು ತಕ್ಕ ಅನುಕೂಲವೂ ಇರಲಿಲ್ಲ. ಸಪ್ತಸಮುದ್ರ ದಾಟಿದ ಬಂಡವಾಳವು ಅರಣ್ಯದ ಹಾದಿಯಲ್ಲಿ ಮುಗ್ಗರಿಸಿತು. ಕೆಲವೇ ವರ್ಷಗಳಲ್ಲಿ ಕಂಪನಿ ಬಾಗಿಲು ಮುಚ್ಚಿತು.

ಇತ್ತ ಬೆಲೆ ಏರಿದಂತೆ ವಿಲಾಯತಿಗೆ ಜವಾರಿಯನ್ನು ಬೆರೆಸುವವರು ಹೆಚ್ಚಿದರು. ಮುಂಬಯಿ ಸರಕಾರ 1863ರಲ್ಲಿ ಕಲಬೆರಕೆಯ ವಿರುದ್ಧ ಕಾಯಿದೆ ತಂದಿತು. ಯುದ್ಧ 1865ರಲ್ಲಿ ಮುಗಿಯಿತು, ಬೆಲೆ ಕುಸಿಯಿತು. ಮ್ಯಾಂಚೆಸ್ಟರಿನವರು ನಷ್ಟ ಬರೆದು ಲೆಕ್ಕ ಮುಚ್ಚಬಹುದಾಗಿತ್ತು. ಏರಿದ ಬೆಲೆಯನ್ನು ನಂಬಿ ಸಾಹುಕಾರನಿಂದ ಮುಂಗಡ ಪಡೆದ ಒಕ್ಕಲಿಗನಿಗೆ ಮುಚ್ಚುವುದಕ್ಕೆ ಕಂಪನಿಯಿರಲಿಲ್ಲ. ಇದ್ದುದು ಹೊಲ ಮಾತ್ರ.

ಗಿಡ ಮಾತ್ರ ಉಳಿಯಿತು. ಆ ಅಮೆರಿಕನ್ ಸಂತತಿಯಿಂದ ಗದಗ-1 ತಳಿಯನ್ನು ಆಯ್ದರು. ಅದರ ಪೀಳಿಗೆಯಲ್ಲಿ ‘ಲಕ್ಷ್ಮಿ’ ಬಂತು. ಲಕ್ಷ್ಮಿಗೆ ದಕ್ಷಿಣ ಅಮೆರಿಕ ಮೂಲದ ಮತ್ತೊಂದು ಜಾತಿಯ ಹತ್ತಿಯನ್ನು ಕೂಡಿಸಿ ಧಾರವಾಡದ ವಿಜ್ಞಾನಿ ಬಿ. ಎಚ್. ಕಟರ್ಕಿಯವರು 1972ರಲ್ಲಿ ‘ವರಲಕ್ಷ್ಮಿ’ ಸಂಕರಣ ತಳಿಯನ್ನು ನೀಡಿದರು. ಸಂಕರಣ ಬೀಜಕ್ಕಾಗಿ ಒಂದೊಂದು ಹೂವಿಗೂ ಕೈಯಿಂದಲೇ ಪರಾಗ ಮುಟ್ಟಿಸಬೇಕು. ಬೆಳೆಯಿಂದ ಬಂದ ಬೀಜವನ್ನು ಮರುವರ್ಷಕ್ಕೆ ಎತ್ತಿಡುವಂತಿಲ್ಲ. ಅಜ್ಜಿಯ ಗುಡಾಣದಲ್ಲಿದ್ದ ಬೀಜ ಹೀಗೆ ಅಂಗಡಿಗೆ ಸೇರಿತು.

2002ರಲ್ಲಿ ಬಿ.ಟಿ. ಹತ್ತಿಗೆ ಅನುಮತಿ ದೊರೆತಾಗ ಅಮೆರಿಕದ ಮಾನ್ಸಾಂಟೊ, ಭಾರತದ ಮಹಿಕೊ ಸಂಸ್ಥೆಗಳು ಜತೆಗೂಡಿದ್ದವು. ಮತ್ತೆ ಖಂಡಾಂತರದ ಕೂಡುವ್ಯವಹಾರ! ಕಾಯಿಕೊರಕದ ಹಾವಳಿ ಆರಂಭದಲ್ಲಿ ತಗ್ಗಿತು. ಮುಂದೆ ಗುಲಾಬಿ ಕಾಯಿಕೊರಕ ಆ ಗುಣಕ್ಕೂ ಬಗ್ಗದಾಯಿತು. ಬೀಜದ ಪೊಟ್ಟಣದ ಬೆಲೆಯೊಳಗೆ ಕಂಪನಿಯ ಗೌರವಧನವೂ ಅಡಗಿತ್ತು. ಅದರ ಮೇಲೆ ವಾದ ಬೆಳೆದು, ಕೇಂದ್ರ ಸರಕಾರ 2015ರ ಡಿಸೆಂಬರಿನಲ್ಲಿ ಬೆಲೆ ನಿಯಂತ್ರಣದ ಆದೇಶ ಹೊರಡಿಸಿತು.

ಒಪ್ಪಂದಪತ್ರಗಳಲ್ಲಿ ಎರಡು ಕಡೆಯವರ ಸಹಿಯಿರುತ್ತದೆ. ಮಳೆ ತಪ್ಪಿದರೆ ಪೊಟ್ಟಣದ ಹಣ ಯಾರ ಲೆಕ್ಕಕ್ಕೆ ಎಂಬ ಸಾಲು ಅವುಗಳಲ್ಲಿ ಇರುವುದಿಲ್ಲ. ಮೃಗಶಿರಾ ಮಳೆಗೆ ಬಿತ್ತುವ ರೈತ ಅದನ್ನು ಈಗಲೂ ಅಂಗಡಿಯ ಉದ್ರಿ ಪುಸ್ತಕದಲ್ಲಿ ತನ್ನ ಹೆಸರಿಗೇ ಬರೆಸಿಕೊಳ್ಳುತ್ತಾನೆ.