ಗೋಪುರಕ್ಕಿಂತ ತಂತಿಯೇ ಲೇಸು

ಹವ್ಯಾಸಿ ರೇಡಿಯೋ ಪರವಾನಗಿ ಪಡೆದ ನಮ್ಮ ಸದಸ್ಯರಲ್ಲಿ ಕೆಲವರು ಹಿತ್ತಿಲಲ್ಲಿ ಗೋಪುರ ನಿಲ್ಲಿಸುವ ಉತ್ಸಾಹದಲ್ಲಿದ್ದಾರೆ. ಉತ್ಸಾಹ ಮೆಚ್ಚತಕ್ಕದ್ದೇ, ಆದರೆ ಎತ್ತರದಿಂದ ಬಿದ್ದು ಬೆನ್ನುಮೂಳೆ ಮುರಿದುಕೊಂಡವರನ್ನು ಕಂಡಿರುವ ವೈದ್ಯರಾದ ನಾವು ಒಂದು ಮಾತು ಹೇಳದಿರಲಾರೆವು: ಆರಂಭಕ್ಕೆ ತಂತಿಯ ಆಂಟೆನಾ ಸಾಕು.

14 ಮೆಗಾಹರ್ಟ್ಸ್ ಪಟ್ಟಿಯ ಡೈಪೋಲ್ ಎಂದರೆ ಸುಮಾರು 33 ಅಡಿ ತಂತಿ. ನೆಲದಲ್ಲಿ ನಿಂತೇ ಹಗ್ಗವೆಸೆದು ಎರಡು ಮರಗಳ ನಡುವೆ ಅದನ್ನು ಏರಿಸಬಹುದು. ಅನುಕೂಲ ಕಾಲದಲ್ಲಿ ‘ವಿಯು’ ಎಂದು ತೊಡಗುವ ಭಾರತದ ಕರೆಸಂಕೇತಗಳೂ ಅದರಲ್ಲಿ ಕೇಳಿಬರುವುದುಂಟು.

ಸ್ಥಳೀಯ ಆಡಳಿತಗಳು ಹವ್ಯಾಸಿಗಳ ಆಂಟೆನಾಗಳಿಗೆ ಸಮಂಜಸ ಅವಕಾಶ ನೀಡಬೇಕೆಂದು ಅಮೆರಿಕದ ಎಫ್‌ಸಿಸಿ 1985ರಲ್ಲಿ ವಿಧಿಸಿತು. ಬಡಾವಣೆಯ ಮನೆಮಾಲೀಕರ ಸಂಘದ ಖಾಸಗಿ ಕರಾರಿಗೆ ಆ ಆದೇಶ ಅನ್ವಯಿಸದು. ಕರಾರನ್ನು ಮೊದಲೇ ಓದಿರಿ.

ತಂತಿಯಾಗಲಿ ಗೋಪುರವಾಗಲಿ, ಕಳಚಿ ಬಿದ್ದರೂ ವಿದ್ಯುತ್ ಮಾರ್ಗಕ್ಕೆ ತಾಗದಷ್ಟು ದೂರವಿರಲಿ. ಆಂಟೆನಾದ ಭೂಸಂಪರ್ಕವನ್ನು ಮನೆಯ ವಿದ್ಯುತ್ ಭೂಸಂಪರ್ಕದೊಡನೆ ಜೋಡಿಸಿರಿ. ವರ್ಷಕ್ಕೊಮ್ಮೆಯಾದರೂ ಹಗ್ಗದ ಸವೆತ, ಬೋಲ್ಟುಗಳ ಬಿಗಿ, ಲೋಹದ ತುಕ್ಕು ಪರೀಕ್ಷಿಸಿರಿ. ಗೋಪುರವೇ ಬೇಕೆಂದರೆ, ಸುರಕ್ಷಾ ಪಟ್ಟಿಯಿಲ್ಲದೆ, ಕೆಳಗೆ ಮತ್ತೊಬ್ಬರಿಲ್ಲದೆ ಹತ್ತಬೇಡಿರಿ.

ಒಬ್ಬರೇ ಏರುವ ಧೈರ್ಯಕ್ಕಿಂತ ಗೆಳೆಯರನ್ನು ಕರೆಯುವ ವಿವೇಕ ಹಿರಿದು. ವಾರಾಂತ್ಯದಲ್ಲಿ ತಂತಿ ಕಟ್ಟಲು ಕರೆಯಿರಿ, ನಾವೂ ಬರುತ್ತೇವೆ.