ಓಪನ್ ಎಲೆಕ್ಟಿವ್ ಮತ್ತು ಅಪ್ಪನ ಶುಂಠಿ

ದೀಪಾವಳಿಗೆ ಶಿಕಾರಿಪುರಕ್ಕೆ ಹೋಗಿದ್ದೆ. ಚಿಕ್ಕಪ್ಪನ ಮಗಳು ಮೊಬೈಲ್ ಹಿಡಿದು ಪಕ್ಕದಲ್ಲಿ ಬಂದು ಕೂತಳು. ಕಂಪ್ಯೂಟರ್ ಸೈನ್ಸ್, ಮೂರನೇ ವರ್ಷ. ಓಪನ್ ಎಲೆಕ್ಟಿವ್ ಆರಿಸೋಕೆ ಅವಳಿಗೆ ಎರಡೇ ದಿನ ಉಳಿದಿತ್ತು.

"ಅಣ್ಣ, ಸಪ್ಲೈ ಚೈನ್ ಎಂಜಿನಿಯರಿಂಗ್ ಅಂತ ಒಂದಿದೆ. ತಗೊಳ್ಳಲಾ? ಅದು ಲಾರಿ, ಗೋಡೌನ್ ಸಬ್ಜೆಕ್ಟು, ನಮಗ್ಯಾಕೆ ಅಂತಾರೆ ಫ್ರೆಂಡ್ಸು."

ನಾನು ಎಲೆಕ್ಟಿವ್ ಆರಿಸಿದ ಕಥೆ ಕೇಳಿದರೆ ನಗ್ತೀರಿ. ಯಾವ ಸಬ್ಜೆಕ್ಟಿನ ಕ್ಲಾಸು ಮಧ್ಯಾಹ್ನ ಊಟದ ನಂತರ ಇರಲಿಲ್ಲವೋ ಅದನ್ನು ತಗೊಂಡಿದ್ದೆ! ಆಮೇಲೆ ಬೆಂಗಳೂರಿನಲ್ಲಿ ಕೆಲಸ ಸಿಕ್ಕಿದ್ದು ಗೋದಾಮಿನ ದಾಸ್ತಾನು ಲೆಕ್ಕ ಇಡುವ ಸಾಫ್ಟ್‌ವೇರ್ ಬರೆಯೋದಕ್ಕೆ. 'ಲೀಡ್ ಟೈಮ್' ಅನ್ನುವ ಕಾಲಮ್ಮನ್ನು ದಿನಾ ನೋಡುತ್ತಿದ್ದೆ. ಅಂದರೆ ಆರ್ಡರ್ ಕೊಟ್ಟ ದಿನದಿಂದ ಮಾಲು ಕೈಗೆ ಬರುವವರೆಗಿನ ಸಮಯ. ಅದು ಬರೀ ಒಂದು ನಂಬರ್ ಅಂದುಕೊಂಡಿದ್ದೆ. ಅದಕ್ಕೆ ದಂಡ ಕಟ್ಟಿದವರು ಅಪ್ಪ.

2023ರ ಮಳೆಗಾಲ ನಿಮಗೂ ನೆನಪಿರಬಹುದು. ಶುಂಠಿಯ 60 ಕೆ.ಜಿ. ಚೀಲ ಹತ್ತು ಸಾವಿರ ರೂಪಾಯಿ ದಾಟಿತ್ತು. ಅಪ್ಪನ ಅರ್ಧ ಎಕರೆ ಶುಂಠಿಗೆ ಒಳ್ಳೆ ದುಡ್ಡು ಬಂತು. ನಾನು ಬೆಲೆಯ ಗ್ರಾಫಿನ ಸ್ಕ್ರೀನ್‌ಶಾಟ್ ವಾಟ್ಸ್ಆ್ಯಪ್ ಮಾಡಿ, "ಮುಂದಿನ ವರ್ಷ ಮೆಕ್ಕೆಜೋಳ ಬಿಟ್ಟು ಎರಡೆಕರೆಗೂ ಶುಂಠಿ ಹಾಕಿ" ಅಂದೆ. ಅಪ್ಪ ಅನುಮಾನಿಸಿದರು. "ಎಲ್ಲರೂ ಅದನ್ನೇ ಹಾಕ್ತಿದಾರೆ ಕಣೋ" ಅಂದರು. "ಎಲ್ಲರೂ ಹಾಕ್ತಿದಾರೆ ಅಂದ್ರೆ ಲಾಭ ಇದೆ ಅಂತ ತಾನೆ?" ಅಂದೆ ನಾನು, ದೊಡ್ಡ ಎಂಜಿನಿಯರ್.

ಶುಂಠಿಗೆ ಶುಂಠಿಯೇ ಬೀಜ. ಹಾಗಾಗಿ ಬೆಲೆ ಏರಿದಾಗ ಬೀಜವೂ ದುಬಾರಿ. ಅಮ್ಮನ ಬಳೆ ಬ್ಯಾಂಕಿನಲ್ಲಿಟ್ಟು ಬೀಜ ತಂದರು. ಕೀಳುವ ಹೊತ್ತಿಗೆ ಸಿಕ್ಕ ಬೆಲೆ ಬೀಜಕ್ಕೆ ಕೊಟ್ಟ ಬೆಲೆಯ ಹತ್ತಿರಕ್ಕೂ ಬರಲಿಲ್ಲ. ಒಂದೆಕರೆ ಕಿತ್ತರು. ಉಳಿದಿದ್ದನ್ನು ಬೆಲೆ ಏರಬಹುದೆಂದು ಮಣ್ಣಲ್ಲೇ ಬಿಟ್ಟರು. ಮಳೆ ಬಂತು, ಕೊಳೆ ರೋಗ ಬಂತು. ಬಳೆ ಇನ್ನೂ ಬ್ಯಾಂಕಿನಲ್ಲೇ ಇದೆ.

ಇದನ್ನೆಲ್ಲ ತಂಗಿಗೆ ಹೇಳಲಿಲ್ಲ. "ನಾಳೆ ಸೊರಬದ ಅಜ್ಜಿ ಮನೆಗೆ ಬಾ, ಒಂದು ಆಟ ಆಡೋಣ, ಆಮೇಲೆ ಡಿಸೈಡ್ ಮಾಡು" ಅಂದೆ. ಹಬ್ಬದ ಮರುದಿನ ಅಮ್ಮನ ತವರಿಗೆ ಹೋಗೋದು ನಮ್ಮಲ್ಲಿ ವಾಡಿಕೆ.

ಆ ಆಟದ ಹೆಸರು 'ಬಿಯರ್ ಗೇಮ್'. ಅಮೆರಿಕದ ಎಂಐಟಿಯಲ್ಲಿ 1960ರ ದಶಕದಲ್ಲಿ ಹುಟ್ಟಿದ್ದು. ಸಪ್ಲೈ ಚೈನ್ ಪಾಠ ಮಾಡುವವರು ಇವತ್ತಿಗೂ ಇದನ್ನು ಆಡಿಸುತ್ತಾರೆ. ಹೆಸರು ಕೇಳಿ ಅಜ್ಜಿ ಮುಖ ಸಿಂಡರಿಸಿದ್ದರಿಂದ ಬಿಯರ್ ಬದಲು ಒಣಗಿದ ಅಡಿಕೆ ಇಟ್ಟುಕೊಂಡೆವು. ತಂಗಿ ಅಂಗಡಿಯವಳು, ಮಾವನ ಮಗ ಹೋಲ್‌ಸೇಲ್‌ನವನು, ನಾನು ಡಿಸ್ಟ್ರಿಬ್ಯೂಟರ್, ಮಾವ ಫ್ಯಾಕ್ಟರಿ. ಅಜ್ಜಿ ಗಿರಾಕಿ. ನಿಯಮ ಸರಳ: ಯಾರೂ ಮಾತಾಡುವಂತಿಲ್ಲ, ಚೀಟಿಯಲ್ಲಿ ಆರ್ಡರ್ ಬರೆದು ಹಿಂದಿನವರಿಗೆ ದಾಟಿಸಬೇಕು. ಮಾಲು ಬರೋದಕ್ಕೆ ಎರಡು ವಾರ, ಅಂದರೆ ಎರಡು ಸುತ್ತು.

ಹತ್ತು ಸುತ್ತು ಆಗುವಷ್ಟರಲ್ಲಿ ಎಲ್ಲರ ಹತ್ತಿರವೂ ಅಡಿಕೆ ಖಾಲಿ. ಗಾಬರಿಯಲ್ಲಿ ಎಲ್ಲರೂ ಜಾಸ್ತಿ ಜಾಸ್ತಿ ಬರೆದೆವು. ಒಂದು ಸುತ್ತಿನಲ್ಲಿ ಮಾವನಿಗೆ ನಲವತ್ತು ಅಡಿಕೆಯ ಆರ್ಡರ್ ಹೋಯಿತು. ಸ್ವಲ್ಪ ಹೊತ್ತಿಗೆ ಎಲ್ಲರ ಮುಂದೆಯೂ ರಾಶಿ, ಆರ್ಡರ್ ಸೊನ್ನೆ. ಮಾವ ಸಿಟ್ಟಾಗಿ, "ಅವ್ವ, ಏನು ಹುಚ್ಚುಚ್ಚಾಗಿ ಕೇಳಿದ್ಯಾ?" ಅಂದರು. ಅಜ್ಜಿ ತಮ್ಮ ಚೀಟಿಗಳನ್ನು ಹರಡಿದರು. ಮೊದಲ ನಾಲ್ಕು ವಾರ ನಾಲ್ಕು ಅಡಿಕೆ. ಐದನೇ ವಾರದಿಂದ ಕೊನೆತನಕ ಎಂಟೆಂಟು. ಬದಲಾಗಿದ್ದು ಒಂದೇ ಸಲ!

ಇದಕ್ಕೆ 'ಬುಲ್‌ವಿಪ್ ಎಫೆಕ್ಟ್' ಅಂತಾರೆ. ಚಾಟಿಯ ಹಿಡಿಯನ್ನು ಸ್ವಲ್ಪ ಆಡಿಸಿದರೂ ತುದಿ ಜೋರಾಗಿ ಬೀಸುತ್ತದಲ್ಲ, ಹಾಗೆ. ಎಂಐಟಿಯ ಜೇ ಫಾರೆಸ್ಟರ್ 1961ರಲ್ಲೇ ಇದನ್ನು ವಿವರಿಸಿದ್ದರು. ಇದರಲ್ಲಿ ಯಾರೂ ದಡ್ಡರಲ್ಲ. ತಮ್ಮ ಕೈಗೆ ಬಂದ ಚೀಟಿ ನೋಡಿ ಎಲ್ಲರೂ ಸರಿಯಾಗಿಯೇ ಯೋಚಿಸುತ್ತಾರೆ. ಆದರೆ ಆಗಲೇ ಆರ್ಡರ್ ಆಗಿ ದಾರಿಯಲ್ಲಿರುವ ಮಾಲನ್ನು ಮರೆಯುತ್ತಾರೆ.

ಅಲ್ಲಿ ಕೂತಾಗಲೇ ನನಗೆ ಅಪ್ಪನ ಮಾತು ನೆನಪಾಗಿದ್ದು. ಶುಂಠಿಯ ಲೀಡ್ ಟೈಮ್ ಎಂಟು-ಒಂಬತ್ತು ತಿಂಗಳು. ಇವತ್ತಿನ ಬೆಲೆ ಹೇಳೋದು ಹೋದ ವರ್ಷ ಎಷ್ಟು ಜನ ಶುಂಠಿ ಹಾಕಿದ್ದರು ಅನ್ನೋದನ್ನ. ಮುಂದಿನ ವರ್ಷದ ಸುದ್ದಿ ಇದ್ದಿದ್ದು ನನ್ನ ಗ್ರಾಫಿನಲ್ಲಲ್ಲ, "ಎಲ್ಲರೂ ಹಾಕ್ತಿದಾರೆ" ಅನ್ನುವ ಅಪ್ಪನ ಮಾತಿನಲ್ಲಿ. ದಾರಿಯಲ್ಲಿರುವ ಮಾಲಿನ ಲೆಕ್ಕವನ್ನು ಅಪ್ಪ ಕೊಟ್ಟಿದ್ದರು. ನಾನು ಅದನ್ನು ಲಾಭದ ಲೆಕ್ಕ ಅಂತ ಓದಿಕೊಂಡೆ.

ವಾಪಸ್ ಬರುವಾಗ ಬಸ್ಸಿನಲ್ಲಿ ತಂಗಿ ಸಿಲಬಸ್ ತೆಗೆದಳು. ಕಾಲೇಜಿನಿಂದ ಕಾಲೇಜಿಗೆ ಸ್ವಲ್ಪ ಬದಲಾದರೂ ಮುಖ್ಯ ಪಾಠಗಳು ಇವೇ: ಬೇಡಿಕೆಯ ಅಂದಾಜು, ದಾಸ್ತಾನು, ಸಾಗಾಟ, ಗೋದಾಮು ಎಲ್ಲಿರಬೇಕು ಅನ್ನುವ ಲೆಕ್ಕ. ಪ್ರಾಬಬಿಲಿಟಿ, ಲೀನಿಯರ್ ಪ್ರೋಗ್ರಾಮಿಂಗ್ ಗೊತ್ತಿರುವ ಕಂಪ್ಯೂಟರ್ ಸೈನ್ಸಿನವರಿಗೆ ಕಷ್ಟವೇನಲ್ಲ.

ಒಂದು ಲೆಕ್ಕ ಅವಳಿಗೆ ತುಂಬಾ ಹಿಡಿಸಿತು. ದೀಪಾವಳಿಗೆ ಚೆಂಡು ಹೂ ಮಾರುತ್ತೀರಿ ಅಂದುಕೊಳ್ಳಿ. ಮಾರೊಂದಕ್ಕೆ 20 ರೂಪಾಯಿ ಕೊಟ್ಟು ತಂದು 50ಕ್ಕೆ ಮಾರುತ್ತೀರಿ. ಉಳಿದ ಹೂ ಮರುದಿನ ತಿಪ್ಪೆಗೆ. ಒಂದು ಮಾರು ಕಡಿಮೆ ತಂದರೆ 30 ರೂಪಾಯಿ ಲಾಭ ಕೈತಪ್ಪುತ್ತದೆ, ಜಾಸ್ತಿ ತಂದರೆ 20 ರೂಪಾಯಿ ನಷ್ಟ. 30ನ್ನು 50ರಿಂದ ಭಾಗಿಸಿ: 0.6. ಅಂದರೆ ಹತ್ತು ಹಬ್ಬದಲ್ಲಿ ಆರು ಸಲ ಬೇಡಿಕೆಗೆ ಸಾಲುವಷ್ಟು ತಂದರೆ ಸಾಕು, ಉಳಿದ ನಾಲ್ಕು ಸಲ ಬಂದ ಗಿರಾಕಿ ವಾಪಸ್ ಹೋದರೂ ಪರವಾಗಿಲ್ಲ. ಇದು ಪುಸ್ತಕಗಳಲ್ಲಿ 'ನ್ಯೂಸ್‌ವೆಂಡರ್' ಲೆಕ್ಕ ಅಂತ ಇರುತ್ತದೆ, ಪೇಪರ್ ಮಾರುವ ಹುಡುಗನ ಲೆಕ್ಕ.

"ಪ್ರಾಜೆಕ್ಟಿಗೆ ಅಮೆಜಾನ್ ಮೇಲೆ ಮಾಡ್ಲಾ?" ಅಂದಳು. ಬೇಡ ಅಂದೆ. ಶಿಕಾರಿಪುರದ ಎಪಿಎಂಸಿ ಯಾರ್ಡಿಗೆ ಹೋಗಿ ಒಂದು ದಿನ ನಿಲ್ಲು. ನಮ್ಮ ಎರಡು ತಾಲ್ಲೂಕಿನಲ್ಲೇ ಮೂರು ಥರದ ಮಾಲಿದೆ. ಅಡಿಕೆ ಒಣಗಿಸಿಟ್ಟರೆ ತಿಂಗಳುಗಟ್ಟಲೆ ಕಾಯುತ್ತದೆ. ಶುಂಠಿ ಮಣ್ಣಲ್ಲಿ ಸ್ವಲ್ಪ ಕಾಲ ಕಾಯುತ್ತದೆ, ಆದರೆ ಆ ಜಾಗದ ಮುಂದಿನ ಬೆಳೆ ಹೋಗುತ್ತದೆ. ಸೊರಬದ ಅನಾನಸು ಹಣ್ಣಾದ ಮೇಲೆ ಕೆಲವೇ ದಿನ. ಯಾರಿಗೆ ಕಾಯುವ ಶಕ್ತಿ ಇದೆಯೋ ಅವರೇ ಬೆಲೆಯ ಬಗ್ಗೆ ಮಾತಾಡೋದು. ಕೋಲ್ಡ್ ಸ್ಟೋರೇಜ್ ಎಲ್ಲಿರಬೇಕು, ಶಿವಮೊಗ್ಗ–ಶಿಕಾರಿಪುರ–ರಾಣೆಬೆನ್ನೂರು ರೈಲು ಓಡಿದರೆ ಯಾವ ಮಾಲಿಗೆ ಉಪಯೋಗ, ಯಾವುದಕ್ಕೆ ಇಲ್ಲ? ಇವೆಲ್ಲ ಎಂಜಿನಿಯರಿಂಗ್ ಪ್ರಶ್ನೆಗಳೇ.

ಒಂದು ಮಾತು ನೇರವಾಗಿ ಹೇಳಿಬಿಡ್ತೀನಿ. ಈ ಸಬ್ಜೆಕ್ಟು ಓದಿದರೆ ಮುಂದಿನ ವರ್ಷದ ಶುಂಠಿ ಬೆಲೆ ಗೊತ್ತಾಗಲ್ಲ. ಯಾರಿಗೂ ಗೊತ್ತಾಗಲ್ಲ. ಆದರೆ ಗೊತ್ತಿಲ್ಲದಿರುವಾಗ ಎಷ್ಟು ಪಣಕ್ಕಿಡಬೇಕು ಅನ್ನೋದನ್ನ ಅದು ಕಲಿಸುತ್ತದೆ. ಅಷ್ಟು ಗೊತ್ತಿದ್ದರೆ ನಾನು ಎರಡೆಕರೆ ಅಂತಿರಲಿಲ್ಲ. ಅರ್ಧ ಎಕರೆ ಶುಂಠಿ ಇರಲಿ, ಉಳಿದಿದ್ದಕ್ಕೆ ಜೋಳ ಹಾಕಿ ಅಂತಿದ್ದೆ.

ತಂಗಿ ಅದೇ ಎಲೆಕ್ಟಿವ್ ತಗೊಂಡಳು. ಎಲೆಕ್ಟಿವ್ ಆರಿಸುವ ಹೊತ್ತಿನಲ್ಲಿ ನಿಮ್ಮ ತಮ್ಮನೋ ತಂಗಿಯೋ ಕೇಳಿದರೆ, 'ಸ್ಕೋರಿಂಗಾ?' ಅಂತ ಕೇಳೋ ಮೊದಲು ಒಂದು ಹಿಡಿ ಅಡಿಕೆ, ನಾಲ್ಕು ಚೀಟಿ ಇಟ್ಟುಕೊಂಡು ಆಟ ಆಡಿಸಿ ನೋಡಿ.

ಬೆಂಗಳೂರಿಗೆ ಬಂದು ಅಪ್ಪನಿಗೆ ಫೋನ್ ಮಾಡಿದೆ. ಈ ಸಲ ರೇಟ್ ಎಷ್ಟು ಅಂತ ಕೇಳಲಿಲ್ಲ. "ಊರಲ್ಲಿ ಯಾರ್ಯಾರು ಏನು ಹಾಕೋ ಅಂದಾಜಲ್ಲಿದಾರೆ?" ಅಂದೆ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಅವತ್ತು ನಾನು ಹೇಳಿದ್ದೂ ಅದೇ ಅಲ್ವೇನೋ" ಅಂದರು.