ಕಪಾಟಿನಿಂದ ಪುಸ್ತಕ ತೆಗೆಸುವ ಮುಂಚೆ

"ಉಸ್ತಾದರೇ, ಆ ಪುಸ್ತಕವನ್ನು ಲೈಬ್ರರಿಯಿಂದ ತೆಗೆಸಿ. ನೀವು ಒಂದು ಮಾತು ಹೇಳಿದರೆ ಸಾಕು." ಕರಾವಳಿಯಿಂದ ಬಂದು ಕೋಲಾರದ ಹುತ್ತೂರು ಕಡೆ ಮಕ್ಕಳಿಗೆ ಕಲಿಸುತ್ತಿರುವ ನಾವು ಈ ಮಾತು ಕೇಳದ ವರ್ಷವಿಲ್ಲ. ಹೇಳುವವರು ಕೆಟ್ಟವರಲ್ಲ, ಮಕ್ಕಳ ಮೇಲಿನ ಕಾಳಜಿಯಿಂದಲೇ ಹೇಳುತ್ತಾರೆ. ಆದರೆ ಪುಸ್ತಕ ಓದಿದ್ದೀರಾ ಎಂದು ಕೇಳಿದರೆ ಹೆಚ್ಚಿನವರ ಉತ್ತರ ಒಂದೇ: ಇಲ್ಲ, ವಾಟ್ಸಾಪಿನಲ್ಲಿ ಒಂದು ಪುಟದ ಫೋಟೋ ಬಂದಿತ್ತು.

ದರ್ಸ್‌ನಲ್ಲಿ ಕೂತು ಓದಿದ ಯಾರಿಗೂ ಇಮಾಮ್ ಗಝ್ಝಾಲಿಯವರ 'ಇಹ್ಯಾ ಉಲೂಮಿದ್ದೀನ್' ಏನೆಂದು ಬೇರೆ ಹೇಳಬೇಕಿಲ್ಲ. ನಮ್ಮ ಪಳ್ಳಿಗಳ ವಅಳ್‌ಗಳಲ್ಲಿ ಅದರ ಹೆಸರು ಬಾರದ ರಾತ್ರಿ ಕಡಿಮೆ. ಆ ಕಿತಾಬನ್ನು ಒಂದು ಕಾಲದಲ್ಲಿ ಊರ ನಡುವೆ ರಾಶಿ ಹಾಕಿ ಸುಟ್ಟರು ಎನ್ನುವುದು ಎಷ್ಟು ಜನರಿಗೆ ಗೊತ್ತು? 1109ರ ಸುಮಾರಿಗೆ, ಸ್ಪೇನಿನ ಕೊರ್ದೋಬಾದಲ್ಲಿ. ಸುಟ್ಟವರು ಮಂಗೋಲರಲ್ಲ, ಶಿಲುಬೆ ಯುದ್ಧದವರೂ ಅಲ್ಲ. ಮುರಾಬಿತ್ ದೊರೆ ಅಲೀ ಬಿನ್ ಯೂಸುಫ್‌ನ ಆಡಳಿತ, ಅಲ್ಲಿನ ಖಾಝಿಗಳ ಒತ್ತಾಯ. ಇಮಾಮರು ಆಗ ಇನ್ನೂ ಬದುಕಿದ್ದರು! ಮುಸ್ಲಿಮರೇ ಬೆಂಕಿ ಹಚ್ಚಿದ ಪುಸ್ತಕವನ್ನು ಇವತ್ತು ಮುಸ್ಲಿಮರೇ ಮುತ್ತಿಟ್ಟು ಎತ್ತಿಕೊಳ್ಳುತ್ತಾರೆ. ಅಂದಿನ ಖಾಝಿಗಳಿಗೂ ತಾವು ದೀನನ್ನು ಕಾಯುತ್ತಿದ್ದೇವೆ ಎಂಬ ಪೂರ್ತಿ ನಂಬಿಕೆ ಇತ್ತು.

ಅದೇ ಗಝ್ಝಾಲಿಯವರು ತಮಗೆ ಒಪ್ಪದ ತತ್ವಜ್ಞಾನಿಗಳ ವಿಷಯದಲ್ಲಿ ಏನು ಮಾಡಿದರು ನೋಡಿ. ಮೊದಲು ಅವರ ವಾದವನ್ನು ಅವರದೇ ರೀತಿಯಲ್ಲಿ ವಿವರಿಸಿ ಒಂದು ಕಿತಾಬು ಬರೆದರು, ಆಮೇಲೆ ಅದನ್ನು ಖಂಡಿಸಿ 'ತಹಾಫುತುಲ್ ಫಲಾಸಿಫಾ' ಬರೆದರು. ಮೊದಲಿನ ಕಿತಾಬು ಎಷ್ಟು ನ್ಯಾಯವಾಗಿತ್ತೆಂದರೆ, ಲ್ಯಾಟಿನ್ನಿನಲ್ಲಿ ಅದನ್ನು ಓದಿದ ಯುರೋಪಿನವರು ಗಝ್ಝಾಲಿಯವರೂ ಆ ಪಕ್ಷದವರೇ ಅಂದುಕೊಂಡರಂತೆ. ಮುಂದೆ ಇಬ್ನು ರುಶ್ದ್ 'ತಹಾಫುತುತ್ತಹಾಫುತ್' ಬರೆದು ಗಝ್ಝಾಲಿಯವರಿಗೇ ಉತ್ತರ ಕೊಟ್ಟರು. ಪುಸ್ತಕಕ್ಕೆ ಪುಸ್ತಕ. 1195ರಲ್ಲಿ ಇಬ್ನು ರುಶ್ದ್‌ರನ್ನು ಗಡೀಪಾರು ಮಾಡಿ ಅವರ ಕಿತಾಬುಗಳಿಗೂ ಬೆಂಕಿ ಇಟ್ಟರು ಅನ್ನಿ. ಸುಡುವವರು ಯಾವ ಕಾಲಕ್ಕೂ ಇದ್ದರು.

ಇನ್ನು ನಮ್ಮ ಮನೆಯ ಮಾತಿಗೆ ಬರೋಣ. ಸಾರಾ ಅಬೂಬಕರ್ ಕಾಸರಗೋಡಿನಲ್ಲಿ ಹುಟ್ಟಿ ಮಂಗಳೂರಲ್ಲಿ ಬದುಕಿದವರು. ತಲಾಖ್ ಆದ ಹೆಣ್ಣೊಬ್ಬಳು ಮತ್ತೆ ಗಂಡನ ಮನೆ ಸೇರಬೇಕಾದರೆ ಪಡಬೇಕಾದ ಪಾಡನ್ನು 'ಚಂದ್ರಗಿರಿಯ ತೀರದಲ್ಲಿ' ಕಾದಂಬರಿಯಲ್ಲಿ ಬರೆದರು. ಮೊದಲು ಲಂಕೇಶ್ ಪತ್ರಿಕೆಯಲ್ಲಿ ಧಾರಾವಾಹಿಯಾಗಿ, 1984ರಲ್ಲಿ ಪುಸ್ತಕವಾಗಿ ಬಂತು. ಮರುವರ್ಷ ಪುತ್ತೂರಿನ ಸಾಹಿತ್ಯ ಸಭೆಗೆ ಹೋದಾಗ ಅವರ ಮೇಲೆ ಕೈಮಾಡಲು ಬಂದವರು ಬೇರೆ ಯಾರೂ ಅಲ್ಲ, ನಮ್ಮ ಹುಡುಗರೇ. ಅವರಲ್ಲಿ ಕಾದಂಬರಿಯನ್ನು ಕೊನೆವರೆಗೆ ಓದಿದವರು ಎಷ್ಟು ಮಂದಿ ಇದ್ದಿರಬಹುದು? ಆಮೇಲೆ 2011ರ 'ಬ್ಯಾರಿ' ಸಿನೆಮಾಕ್ಕೆ ಸ್ವರ್ಣಕಮಲ ಬಂದಾಗ ನಾವೆಲ್ಲ ಎದೆ ಉಬ್ಬಿಸಿಕೊಂಡು ತಿರುಗಿದೆವು. ಆ ಸಿನೆಮಾದ ಕತೆ ತನ್ನ ಕಾದಂಬರಿಯದ್ದು ಎಂದು ಸಾರಾ ಅವರೇ ಕೋರ್ಟಿಗೆ ಹೋಗಬೇಕಾಯಿತು. ಕತೆ ಬೇಕು, ಬರೆದವಳು ಬೇಡ. ಇದು ಯಾವ ನ್ಯಾಯ ಮಾರಾಯ್ರೆ? 2023ರ ಜನವರಿಯಲ್ಲಿ ಅವರು ತೀರಿಕೊಂಡಾಗ ಹೊಗಳಿ ಬರೆಯಲು ನಮ್ಮಲ್ಲಿ ಬೇಕಾದಷ್ಟು ಜನ ಇದ್ದರು. ಹಾಸನದ ಬಾನು ಮುಷ್ತಾಕ್‌ರದ್ದೂ ಅದೇ ಕತೆ. ಹೆಂಗಸರು ಮಸೀದಿಗೆ ಹೋಗಬಹುದು ಎಂದದ್ದಕ್ಕೆ 2000ದಲ್ಲಿ ಬಹಿಷ್ಕಾರ. 2025ರಲ್ಲಿ ಅಂತರಾಷ್ಟ್ರೀಯ ಬೂಕರ್ ಬಂದ ಕೂಡಲೇ ಎಲ್ಲರ ಸ್ಟೇಟಸ್ಸಿನಲ್ಲೂ ಅವರದೇ ಫೋಟೋ. ಅವರು ಹೇಳಿದ್ದೆಲ್ಲ ನಮಗೆ ಒಪ್ಪಿಗೆ ಅಂತಲ್ಲ. ಮಸ್‌ಅಲದಲ್ಲಿ ನಮಗೆ ಬೇರೆ ಅಭಿಪ್ರಾಯ ಇರಬಹುದು. ಅದನ್ನು ಹೇಳಲು ನಮಗೆ ಬಾಯಿದೆ, ಪೆನ್ನಿದೆ.

"ನಮ್ಮ ಪ್ರವಾದಿಯವರನ್ನು, ನಮ್ಮ ಹಿರಿಯರನ್ನು ಹೀಯಾಳಿಸಿ ಬರೆದರೂ ಸುಮ್ಮನಿರಬೇಕಾ?" ಇದು ನಮಗೆ ಎದುರಾಗುವ ನಿಜವಾದ ಕಷ್ಟದ ಪ್ರಶ್ನೆ. ನೋವಾಗುವುದಿಲ್ಲ ಎಂದು ನಾವು ಹೇಳುವುದಿಲ್ಲ, ಆಗುತ್ತದೆ. ಆದರೆ ಬೀದಿಗಿಳಿದು ನಮಗೆ ಸಿಕ್ಕಿದ್ದೇನು? 1986ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಇಂಗ್ಲಿಷ್ ಪತ್ರಿಕೆ ಡೆಕ್ಕನ್ ಹೆರಾಲ್ಡ್‌ನಲ್ಲಿ ಬಂದ ಒಂದು ಸಣ್ಣ ಕತೆಯ ವಿಷಯದಲ್ಲಿ ಗಲಭೆ ಎದ್ದು ಜೀವಗಳು ಹೋದವು. ಹೋದವರ ಮನೆಗಳಲ್ಲಿ ಆ ಕತೆಯನ್ನು ಓದಿದವರು ಇದ್ದರೋ ಇಲ್ಲವೋ, ಅನಾಥರಾದ ಮಕ್ಕಳಂತೂ ಇದ್ದರು. 1988ರ ಅಕ್ಟೋಬರ್‌ನಲ್ಲಿ ರಶ್ದಿಯ ಪುಸ್ತಕದ ಆಮದನ್ನು ಕೇಂದ್ರ ಸರಕಾರ ನಿಷೇಧಿಸಿತು. 36 ವರ್ಷದ ನಂತರ ದಿಲ್ಲಿ ಹೈಕೋರ್ಟಿನಲ್ಲಿ ಆ ಅಧಿಸೂಚನೆ ಎಲ್ಲಿದೆ ಎಂದು ಕೇಳಿದರೆ ಯಾವ ಅಧಿಕಾರಿಯ ಕೈಲೂ ಕಾಗದ ಇಲ್ಲ! ಹಾಗಿದ್ದ ಮೇಲೆ ಅಂಥದ್ದೊಂದು ಅಧಿಸೂಚನೆಯೇ ಇಲ್ಲ ಎಂದು ಭಾವಿಸಬೇಕಾಗುತ್ತದೆ ಎಂದಿತು ಕೋರ್ಟು. ನಿಷೇಧದಿಂದ ಪುಸ್ತಕಕ್ಕೆ ಲೋಕವೆಲ್ಲ ಹೆಸರು ಬಂತು, ನಮಗೆ ಸಿಟ್ಟಿನವರು ಎಂಬ ಹೆಸರು ಉಳಿಯಿತು.

2022ರ ನವೆಂಬರ್‌ನಲ್ಲಿ 'ಟಿಪ್ಪು ನಿಜಕನಸುಗಳು' ನಾಟಕದ ಪುಸ್ತಕ ಮಾರದಂತೆ ಬೆಂಗಳೂರಿನ ನ್ಯಾಯಾಲಯ ತಡೆ ಕೊಟ್ಟಾಗ ನಮ್ಮವರು ಸಂತೋಷಪಟ್ಟರು. ಮುಂದಿನ ತಿಂಗಳೇ ತಡೆ ತೆರವಾಯಿತು. ನಾಟಕದಲ್ಲಿ ಟಿಪ್ಪುವನ್ನು ತೋರಿಸಿದ ರೀತಿ ನಮಗೆ ಸರಿ ಕಾಣಲಿಲ್ಲ, ಇಂದಿಗೂ ಕಾಣುವುದಿಲ್ಲ. ಟಿಪ್ಪುವಿನ ತಂದೆ ಹೈದರಲಿ ಹುಟ್ಟಿದ ಬೂದಿಕೋಟೆ ನಮ್ಮ ಪಕ್ಕದ ತಾಲೂಕಿನಲ್ಲೇ ಇದೆ. ಈ ಸೀಮೆಯವರಿಗೆ ಅದು ಮನೆಯ ವಿಷಯದ ಹಾಗೆ. ಆದರೆ ಅಂಥ ಮಾತಿಗೆ ಗಟ್ಟಿ ಉತ್ತರ ಕೊಟ್ಟದ್ದು ಯಾವ ತಡೆಯಾಜ್ಞೆಯೂ ಅಲ್ಲ. 1791ರಲ್ಲಿ ಮರಾಠಾ ಸೈನಿಕರು ಶೃಂಗೇರಿಯನ್ನು ಲೂಟಿ ಮಾಡಿದಾಗ ಟಿಪ್ಪು ಮಠದ ಸ್ವಾಮಿಗಳಿಗೆ ಕನ್ನಡದಲ್ಲಿ ಬರೆಸಿದ ಪತ್ರಗಳು ಮಠದಲ್ಲಿ ಹಾಗೇ ಉಳಿದಿದ್ದವು. 1916ರಲ್ಲಿ ಮೈಸೂರು ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ ಅವುಗಳನ್ನು ಬೆಳಕಿಗೆ ತಂದರು. ಕಾಗದ ಉಳಿಸಿದ್ದು ಮಠ, ಹುಡುಕಿದ್ದು ಒಬ್ಬ ಆಚಾರ್ಯರು. ಇಂಥ ದಾಖಲೆ ಬೇಡ ಎಂದು ಯಾರೋ ಅದನ್ನು ಹೊರಗೆ ಹಾಕಿಸಿದ್ದರೆ ಇವತ್ತು ನಾವು ಯಾವ ಮುಖ ಇಟ್ಟುಕೊಂಡು ವಾದ ಮಾಡುತ್ತಿದ್ದೆವು?

ಪುಸ್ತಕ ತೆಗೆಸುವ ಕೈ ಯಾವಾಗಲೂ ನಮ್ಮದೇ ಇರುವುದಿಲ್ಲ. 2025ರ ಆಗಸ್ಟ್ 5ರಂದು ಜಮ್ಮು ಕಾಶ್ಮೀರದ ಆಡಳಿತ ಒಂದೇ ಆದೇಶದಲ್ಲಿ 25 ಪುಸ್ತಕಗಳನ್ನು ಮುಟ್ಟುಗೋಲು ಹಾಕಿಕೊಂಡಿತು. ಆಗ ನಮ್ಮವರಿಗೆ ಓದುವ ಸ್ವಾತಂತ್ರ್ಯ ನೆನಪಾಯಿತು. ಪಕ್ಕದವರ ಪುಸ್ತಕಕ್ಕೆ ಬೀಗ ಹಾಕಿ ಎಂದು ಕೇಳಿದವನಿಗೆ ತನ್ನ ಪುಸ್ತಕದ ದಿನ ಯಾರು ಬೆಂಬಲ ಕೊಡುತ್ತಾರೆ? ಬೇರೆಯವರಲ್ಲೂ ಇದೇ ಗೋಳು. ಪಿ.ವಿ. ನಾರಾಯಣರ 'ಧರ್ಮಕಾರಣ' ಕಾದಂಬರಿಯನ್ನು 1997ರಲ್ಲಿ ಕರ್ನಾಟಕ ಸರಕಾರ ಮುಟ್ಟುಗೋಲು ಹಾಕಿಕೊಂಡಿತು, 2007ರಲ್ಲಿ ಸುಪ್ರೀಂ ಕೋರ್ಟೂ ಅದನ್ನು ಎತ್ತಿಹಿಡಿಯಿತು.

ಇಲ್ಲಿ ಒಂದು ಕಾನೂನಿನ ವಿಷಯ ತಿಳಿದಿರಬೇಕು. ಸರಕಾರ ಪುಸ್ತಕವೊಂದನ್ನು ಮುಟ್ಟುಗೋಲು ಹಾಕಬೇಕಾದರೆ ಹಿಂದೆ ಅಪರಾಧ ಸಂಹಿತೆಯ 95ನೇ ಕಲಂ ಇತ್ತು, ಈಗ ನಾಗರಿಕ ಸುರಕ್ಷಾ ಸಂಹಿತೆಯ 98ನೇ ಕಲಂ. ಆದೇಶದಲ್ಲಿ ಕಾರಣ ಬರೆಯಲೇಬೇಕು. ಅದರ ವಿರುದ್ಧ ಎರಡು ತಿಂಗಳೊಳಗೆ ಹೈಕೋರ್ಟಿಗೆ ಹೋಗಬಹುದು, ಮೂವರು ನ್ಯಾಯಾಧೀಶರ ಪೀಠ ಕೇಳಬೇಕು. ಸರಕಾರಕ್ಕೇ ಇಷ್ಟೊಂದು ಕಟ್ಟುಪಾಡು. ನಾವೋ, ಲೈಬ್ರರಿ ನೋಡಿಕೊಳ್ಳುವ ಬಡಪಾಯಿಗೆ ಸಂಜೆ ಹೊತ್ತು ನಾಲ್ಕು ಜನ ಹೋಗಿ "ಅದನ್ನು ಒಳಗೆ ಇಡಪ್ಪಾ" ಎಂದು ಬರುತ್ತೇವೆ. ಅವನು ಗೌರವಧನಕ್ಕೆ ದುಡಿಯುವವನು, ಊರಿನವರನ್ನು ಎದುರು ಹಾಕಿಕೊಳ್ಳುತ್ತಾನಾ? ಪುಸ್ತಕ ಬೀರುವಿನ ಹಿಂದೆ ಹೋಗುತ್ತದೆ. ಆದೇಶ ಇಲ್ಲ, ಕಾರಣ ಇಲ್ಲ, ಅಪೀಲೂ ಇಲ್ಲ. ನಮ್ಮ ಲೆಕ್ಕದಲ್ಲಿ ಇದು ಬಹಿರಂಗ ನಿಷೇಧಕ್ಕಿಂತ ಕೆಟ್ಟದ್ದು. ಏನು ಹೋಯಿತೆಂದು ಓದುವ ಹುಡುಗಿಗೆ ಗೊತ್ತೇ ಆಗುವುದಿಲ್ಲ.

ಅದು ಯಾರೊಬ್ಬರ ಮನೆಯ ಕಪಾಟೂ ಅಲ್ಲ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಮೇಲೆ 6 ಶೇಕಡಾ ಗ್ರಂಥಾಲಯ ಕರ ಇದೆ. ಮಸೀದಿಗೆ ಹೋಗುವವನೂ ಕೊಟ್ಟಿದ್ದಾನೆ, ಗುಡಿಗೆ ಹೋಗುವವನೂ ಕೊಟ್ಟಿದ್ದಾನೆ, ಎಲ್ಲಿಗೂ ಹೋಗದವನೂ ಕೊಟ್ಟಿದ್ದಾನೆ. ನಮ್ಮ ಮಗ ಏನು ಓದಬೇಕೆಂದು ಹೇಳುವ ಹಕ್ಕು ನಮಗಿದೆ. ಪಕ್ಕದ ಮನೆಯವರ ಮಗ ಏನು ಓದಬೇಕೆಂದು ಹೇಳುವ ಹಕ್ಕು ಇಲ್ಲ. ಎಳೆ ಮಕ್ಕಳ ಪುಸ್ತಕ ಬೇರೆ ಕಪಾಟಿನಲ್ಲಿರಲಿ, ಅದಕ್ಕೆ ಯಾರದೂ ತಕರಾರಿಲ್ಲ.

ಮೈಸೂರಿನ ರಾಜೀವನಗರದ ಸೈಯದ್ ಇಸಾಕ್‌ರನ್ನು ನಮ್ಮ ಜನ ಇಷ್ಟು ಬೇಗ ಮರೆತದ್ದು ನಮಗೆ ಬೇಸರದ ಸಂಗತಿ. ಶಾಲೆಯ ಭಾಗ್ಯ ಇಲ್ಲದ, ಒಳಚರಂಡಿ ಕೆಲಸ ಮಾಡಿದ ಕೂಲಿಯಾಳು. ತಾನು ಓದಲಾಗಲಿಲ್ಲ, ಬೇರೆಯವರಾದರೂ ಓದಲಿ ಎಂದು ಪಾರ್ಕಿನ ಶೆಡ್ಡಿನಲ್ಲಿ ಕನ್ನಡ ಗ್ರಂಥಾಲಯ ನಡೆಸಿದರು. ದಿನಪತ್ರಿಕೆಗಳಿಗೂ ಕೈಯಿಂದಲೇ ದುಡ್ಡು. 2021ರ ಏಪ್ರಿಲ್ 9ರ ನಸುಕಿನಲ್ಲಿ ಬೆಂಕಿ ಬಿದ್ದು ಸುಮಾರು 11,000 ಪುಸ್ತಕ ಬೂದಿಯಾಯಿತು. ಅದರಲ್ಲಿ ಭಗವದ್ಗೀತೆ ಇತ್ತು, ಕುರ್‌ಆನ್ ಇತ್ತು, ಬೈಬಲ್ ಇತ್ತು. ಒಬ್ಬ ಮುಸ್ಲಿಮ್ ಕೂಲಿಕಾರ ಗೀತೆಯನ್ನು ತನ್ನ ಕಪಾಟಿನಲ್ಲಿ ಇಡಲು ಯಾವ ಮುಫ್ತಿಯ ಅನುಮತಿಯನ್ನೂ ಕಾಯಲಿಲ್ಲ. ಅವರಷ್ಟು ಧೈರ್ಯ ಪಿಯುಸಿ, ಡಿಗ್ರಿ ಓದಿದ ನಮಗೆ ಇದೆಯಾ?

ಹುತ್ತೂರು ಸುತ್ತಿನ ಜಮಾಅತ್‌ಗಳಲ್ಲಿ ನಾವು ಕೇಳುತ್ತಿರುವುದು ಇಷ್ಟು. ಪುಸ್ತಕದ ಮೇಲೆ ದೂರಿದ್ದರೆ ಪೂರ್ತಿ ಓದಿ, ಹೆಸರು ಹಾಕಿ, ಪುಟದ ಸಂಖ್ಯೆ ಬರೆದು ಪಂಚಾಯತಿಗೆ ಕೊಡಿ. ತೀರ್ಮಾನ ಆಗುವ ತನಕ ಅದು ಇದ್ದಲ್ಲೇ ಇರಲಿ. ಉತ್ತರ ಕೊಡುವ ಬೇರೆ ಪುಸ್ತಕ ಇದ್ದರೆ ಅದನ್ನೂ ಕೊಂಡು ತಂದು ಪಕ್ಕದಲ್ಲೇ ಇಡಿ, ದುಡ್ಡು ಸಾಲದಿದ್ದರೆ ಕಮಿಟಿ ಕೊಡಲಿ. ಈ ಸೀಮೆಯಲ್ಲಿ ಮನೆಯೊಳಗೆ ಉರ್ದು, ಅಂಗಡಿಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ. ಮೂರು ಭಾಷೆಯ ಪುಸ್ತಕವೂ ಬೇಕೆಂದು ಗ್ರಾಮಸಭೆಯಲ್ಲಿ ಕೈ ಎತ್ತಿ ಕೇಳಿ. ಮದ್ರಸದ ಒಂದು ಕಪಾಟನ್ನು ಕತೆ, ವಿಜ್ಞಾನ, ಚರಿತ್ರೆಯ ಕನ್ನಡ ಪುಸ್ತಕಗಳಿಗೆ ಬಿಡಲು ನಾವು ಸಿದ್ಧ. ಸಾರಾ ಅಬೂಬಕರ್‌ರ ಕಾದಂಬರಿಯೂ ಅದರಲ್ಲಿ ಇರುತ್ತದೆ, ದೊಡ್ಡ ತರಗತಿಯ ಹೆಣ್ಣುಮಕ್ಕಳು ಕೇಳಿದರೆ ಕೊಡುತ್ತೇವೆ. ಆಕ್ಷೇಪ ಇರುವವರು ಅಸರ್ ನಂತರ ಬನ್ನಿ, ಪುಸ್ತಕ ಓದಿಕೊಂಡು ಬನ್ನಿ.